ಪಕ್ಕದ ಹಾಸಿಗೆಯ ಕ್ರೇನ್ ಡ್ರೈವರು

ಅವರು ತೀರಿಕೊಂಡು ಏಳು ತಿಂಗಳಾದ ಮೇಲೆ, ಹೋದ ವಾರ, ಭದ್ರಾವತಿಯ ಅವರ ಮನೆಗೆ ಹೋಗಿ ಬಂದೆ. ಏಳು ದಿನದೊಳಗೆ ಹೋಗಬೇಕಾಗಿದ್ದ ಕಡೆಗೆ ಏಳು ತಿಂಗಳು ತೆಗೆದುಕೊಂಡೆ. ಯಾಕೆಂದು ಹೇಳದೆ ಈ ಬರಹ ಮುಗಿಯುವುದಿಲ್ಲ. ಆದರೆ ಅದನ್ನೇ ಮೊದಲು ಹೇಳಿಬಿಟ್ಟರೆ ನೀವು ಅವರನ್ನು ನೋಡುವುದು ಬಿಟ್ಟು ನನ್ನನ್ನು ನೋಡುತ್ತೀರಿ. ಅವರ ಹೆಸರು ಬರೆಯುವುದು ಬೇಡವೆಂದು ಅವರ ಹೆಂಡತಿ ಹೇಳಿದ್ದಾರೆ. ಅದೊಂದನ್ನಾದರೂ ಆಕೆಯ ಮಾತಿನಂತೆ ನಡೆಸುತ್ತೇನೆ.

ನನ್ನ ವಿಷಯ ಎರಡೇ ಮಾತು. ಮೂವತ್ತೊಂದು ವರ್ಷ ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಏಜೆಂಟನಾಗಿದ್ದೆ. ಅಂದರೆ ಕೂಗುವುದು ನನ್ನ ಕೆಲಸ. ಊರಿನ ಹೆಸರು ಕೂಗಿ ಜನರನ್ನು ಹತ್ತಿಸುವುದು, ಹೊತ್ತಾದ ಕೂಡಲೇ ಬಸ್ಸಿನ ಬೆನ್ನಿಗೆ ಎರಡು ಏಟು ಬಡಿದು 'ರೈಟ್, ರೈಟ್' ಎಂದು ಕಳಿಸುವುದು. ಹಿಂದಿನ ಬಸ್ಸಿನವನು ಹಾರನ್ ಹೊಡೆಯುತ್ತಿರುವಾಗ ಮುಂದಿನದನ್ನು ಹಿಡಿದು ನಿಲ್ಲಿಸುವವನು ಏಜೆಂಟನೇ ಅಲ್ಲ. ಗಂಟು ಹೊತ್ತು ಓಡಿಬರುತ್ತಿದ್ದ ಮುದುಕಿಯರಿಗಾಗಿ ಕೂಡ ನಾನು ಬಸ್ಸು ನಿಲ್ಲಿಸಿದವನಲ್ಲ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ. ಬಸ್ಸಿಗೂ ಬಸ್ಸಿಗೂ ನಡುವೆ ಕಾದಂಬರಿ ಓದುವ ಚಟವೊಂದಿತ್ತು. ಅದರ ದೆಸೆಯಿಂದ ಇಷ್ಟಾದರೂ ಬರೆಯಲು ಬರುತ್ತಿದೆ, ಅದೂ ಎಡಗೈಯಲ್ಲಿ.

ಒಂದು ಬೆಳಿಗ್ಗೆ ಗೋಪಾಳದ ನಮ್ಮ ಮನೆಯಲ್ಲಿ ಹಲ್ಲುಜ್ಜುತ್ತಿದ್ದೆ. ಕೈಯಿಂದ ಬ್ರಷ್ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ, ನಾನೂ ಬಿದ್ದೆ. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಮಾತು ಪೂರ್ತಿ ಹೋಯಿತು ಎನ್ನುವಂತಿಲ್ಲ, ಒಂದು ಪದ ಉಳಿದುಕೊಂಡಿತು: 'ರೈಟ್'. ಸ್ಟ್ರೋಕ್ ಆದವರಲ್ಲಿ ಕೆಲವರಿಗೆ ಹೀಗೆ ಒಂದೇ ಪದ ಉಳಿಯುತ್ತದೆ ಎಂದು ಡಾಕ್ಟರು ನನ್ನ ಹೆಂಡತಿಗೆ ತಿಳಿಸಿ ಹೇಳಿದರು. ಹಸಿವಾದರೂ ರೈಟ್, ನೋವಾದರೂ ರೈಟ್, ಹೆಂಡತಿ ಅತ್ತರೂ ರೈಟ್. ಹೇಳಬೇಕಾದ ಮಾತೆಲ್ಲ ತಲೆಯೊಳಗೆ ಸಾಲಾಗಿ ನಿಂತಿರುತ್ತಿತ್ತು, ಬಾಯಿ ತೆರೆದರೆ ಈ ದರಿದ್ರದ ಪದವೊಂದೇ ಹೊರಗೆ ಬೀಳುತ್ತಿತ್ತು.

ಹತ್ತು ದಿನದ ಮೇಲೆ ನನ್ನನ್ನು ಐಸಿಯುನಿಂದ ತಂದು ಮೇಲಿನ ಮಹಡಿಯ ಎರಡು ಹಾಸಿಗೆಯ ಕೋಣೆಯೊಂದಕ್ಕೆ ಹಾಕಿದರು. ನಡೆಯುವುದು, ನುಂಗುವುದು, ಗುಂಡಿ ಹಾಕಿಕೊಳ್ಳುವುದು ಎಲ್ಲವನ್ನೂ ಹೊಸದಾಗಿ ಕಲಿಸುವ ವಿಭಾಗ ಅದು. ಬಾತ್‌ರೂಮ್ ಕಡೆಯ ಹಾಸಿಗೆಯಲ್ಲಿ ಅವರಿದ್ದರು. ಬೋಳು ತಲೆ, ದಪ್ಪ ಕುತ್ತಿಗೆ, ಎಡಗೆನ್ನೆ ಜೋತುಬಿದ್ದ ಮುಖ. ಮಲಗಿದ್ದಲ್ಲಿಂದಲೂ ಮೇಲಿನಿಂದ ಕೆಳಗೆ ನೋಡುವವರ ಹಾಗೆ ನನ್ನನ್ನು ನೋಡಿದರು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಶೆಡ್ಡಿನ ಸೂರಿನಡಿಯ ಕ್ಯಾಬಿನ್ನಿನಲ್ಲಿ ಕೂತು, ಕೆಳಗೆ ನೋಡುತ್ತ ಕ್ರೇನ್ ನಡೆಸಿದವರು ಎಂದು ಆಮೇಲೆ ಗೊತ್ತಾಯಿತು.

"ಬನ್ನಿ ಬನ್ನಿ," ಎಂದರು. "ನಂದು ಎಡಗಡೆ ಹೋಗಿದೆ, ನಿಮ್ದು ಬಲಗಡೆ. ಇಬ್ರನ್ನೂ ಸೇರಿಸಿ ವೆಲ್ಡಿಂಗ್ ಹೊಡೆದ್ರೆ ಒಬ್ಬ ಪೂರ್ತಿ ಮನುಷ್ಯ ಆಗ್ತಾನೆ. ಏನಂತೀರಿ ಮಾರಾಯ್ರೆ?"

"ರೈಟ್," ಎಂದೆ.

ಆಸ್ಪತ್ರೆ ಸೇರಿದ ಮೇಲೆ ನನ್ನ ಮಾತಿಗೆ ಮೊದಲು ನಕ್ಕವರು ಅವರು. ಉಳಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಬಸ್ ಏಜೆಂಟನೆಂದು ನನ್ನ ಹೆಂಡತಿಯಿಂದ ತಿಳಿದ ಮೇಲೆ, ಕಿಟಕಿಯ ಹೊರಗೆ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಅವರಿಗೆ ನನ್ನನ್ನು ಪರೀಕ್ಷೆ ಮಾಡುವ ಖುಷಿ. "ಏಜೆಂಟ್ರೆ, ಇದು ಸಾಗರದ್ದಾ?" "ರೈಟ್." "ತೀರ್ಥಹಳ್ಳೀದಲ್ವಾ?" "ರೈಟ್." "ಸರಿ ಹೋಯ್ತು, ನಿಮ್ಮನ್ನ ನಂಬಿ ಬಸ್ ಹತ್ತಿದೋರು ಊರು ಸೇರಿದ ಹಾಗೇ!" ನನಗೆ ಸಿಟ್ಟು ಬರುತ್ತಿತ್ತು. ಹಾರನ್ನಿನಲ್ಲೇ ಬಸ್ಸು ಯಾವುದೆಂದು ಹೇಳಬಲ್ಲವನು ನಾನು. ಆ ಸಿಟ್ಟನ್ನೂ ರೈಟ್ ಎಂದೇ ಕಾರಬೇಕು.

ಅವರಿಗೆ ಮಾತು ಇತ್ತು, ಎಡಗಡೆ ಇರಲಿಲ್ಲ. ಇರಲಿಲ್ಲ ಎಂದರೆ ಸೋತಿತ್ತು ಎಂದಷ್ಟೇ ಅಲ್ಲ, ಎಡಗಡೆ ಎಂಬುದೊಂದು ಇದೆ ಎನ್ನುವುದೇ ಅವರಿಗೆ ಮರೆತುಹೋಗುತ್ತಿತ್ತು. ತಟ್ಟೆಯ ಬಲಗಡೆಯ ಅನ್ನ ಉಂಡು, ಎಡಗಡೆಯ ಪಲ್ಯವನ್ನು ನೋಡದೆ "ಇವತ್ತು ಪಲ್ಯ ಮಾಡಿಲ್ವಾ?" ಎಂದು ಹೆಂಡತಿಯನ್ನು ಕೇಳುತ್ತಿದ್ದರು. ಕನ್ನಡಿ ಕೊಟ್ಟರೆ ಅರ್ಧ ಗಡ್ಡ ಮಾತ್ರ ಹೆರೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಎಷ್ಟೋ ಸಲ ಸುಮ್ಮನೆ ಅಳುತ್ತಿದ್ದರು. ಬಲಗಣ್ಣು ಒರೆಸಿಕೊಂಡು ಮುಗಿಯಿತೆನ್ನುವಂತೆ ಕೂರುತ್ತಿದ್ದರು, ಎಡಗಣ್ಣಿನ ನೀರು ಗಲ್ಲದಿಂದ ಅಂಗಿಯ ಮೇಲೆ ಇಳಿಯುತ್ತಲೇ ಇರುತ್ತಿತ್ತು. ಒಂದು ದಿನ ನಾನು ಚಮಚದಿಂದ ನನ್ನದೇ ತಟ್ಟೆಯ ಎಡಗಡೆ ಬಡಿದು ತೋರಿಸಿದೆ. ಅವರು ತಲೆ ತಿರುಗಿಸಿ ಪಲ್ಯ ನೋಡಿ ಬೆಪ್ಪಾದರು. ಆಮೇಲೆ ಹೇಳಿದರು: "ಏಜೆಂಟ್ರೆ, ನನ್ನ ಎಡಗಡೆ ನೀವು ನೋಡ್ಕೊಳ್ಳಿ, ನಿಮ್ಮ ಮಾತು ನಾನು ನೋಡ್ಕೋತೀನಿ. ಆಯ್ತಾ?"

ಆ ಒಪ್ಪಂದದ ತಮ್ಮ ಪಾಲನ್ನು ಅವರು ನಡೆಸಿಕೊಟ್ಟರು. ಕ್ರೇನಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಕೆಳಗಿರುವವನು ಕೈಸನ್ನೆಯಲ್ಲೇ ಡ್ರೈವರಿಗೆ ಹೇಳಬೇಕು. ಆ ಸನ್ನೆಗಳನ್ನು ಅವರು ನನ್ನ ಎಡಗೈಗೆ ಕಲಿಸಿದರು. ತೋರುಬೆರಳು ಮೇಲೆ ಮಾಡಿ ಸಣ್ಣಗೆ ಸುತ್ತಿಸಿದರೆ ಎತ್ತು. ಬೆರಳು ಕೆಳಗೆ ಮಾಡಿ ಸುತ್ತಿಸಿದರೆ ಇಳಿಸು. ಅಂಗೈ ಕೆಳಮುಖ ಮಾಡಿ ಅಡ್ಡಡ್ಡ ಆಡಿಸಿದರೆ ನಿಲ್ಲಿಸು. ನಾನು ಆತುರದಿಂದ ಮೊದಲು ಎತ್ತುವ ಸನ್ನೆ ಮಾಡಿದೆ. ಗದರಿದರು.

"ಮೊದ್ಲು ನಿಲ್ಸೋದು ಕಲೀರಿ. ಹೋಗು ಅನ್ನೋಕೆ ನಿಮ್ಮ ಬಾಯಲ್ಲಿ ರೈಟ್ ಇದ್ದೇ ಇದೆಯಲ್ಲ. ನಿಲ್ಸೋಕೆ ಏನಿದೆ? ನಮ್ಮಲ್ಲಿ ಎತ್ತೋ ಸಿಗ್ನಲ್ ಒಬ್ಬನೇ ಕೊಡ್ಬೇಕು. ನಿಲ್ಸೋ ಸಿಗ್ನಲ್ ಯಾರ್ ಬೇಕಾದ್ರೂ ಕೊಡ್ಬೋದು. ಕಸ ಗುಡಿಸೋನು ಕೊಟ್ರೂ ನಾನು ನಿಲ್ಲಿಸ್ಬೇಕು, ಯಾಕೆ ಅಂತ ಕೇಳೋ ಹಾಗಿಲ್ಲ."

ಇನ್ನೆರಡು ಮಾತನ್ನು ಅವರು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಭಾರ ಎತ್ತುವಾಗ ಮೊದಲು ಒಂದೇ ಇಂಚು ಎತ್ತಿ ನಿಲ್ಲಿಸಿ ನೋಡಬೇಕು, ಸರಿಯಿದ್ದರೆ ಮಾತ್ರ ಮೇಲೆ. ಇನ್ನೊಂದು, ಸಿಗ್ನಲ್ ಕೊಡುವವನು ಡ್ರೈವರನ ಮುಖ ನೋಡಬಾರದು, ಲೋಡನ್ನು ನೋಡಬೇಕು. "ಮುಖದಲ್ಲಿ ಏನಿರುತ್ತೆ ಮಣ್ಣು?" ಎಂದು ಕೇಳಿ, ಕಾರ್ಖಾನೆಯ ಲೈನ್‌ಮನೆಗಳಲ್ಲಿ ತಮಿಳರ ನಡುವೆ ಬೆಳೆದವರ ಹಾಗೆ ತಮಿಳಿನಲ್ಲಿ ಒಂದು ಬೈಗುಳ ಸೇರಿಸುತ್ತಿದ್ದರು.

ರಾಗಿಗುಡ್ಡದ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಫಿಸಿಯೋಥೆರಪಿ ಮೇಡಂಗೆ ನನ್ನ ಮೇಲೆ ಸಿಟ್ಟಿತ್ತು. ಎರಡು ವಾರವಾದರೂ ನಾನು ಬಲಗಾಲು ಎತ್ತಿರಲಿಲ್ಲ. ಎತ್ತುವುದು ಹೇಗೆಂದೇ ತಿಳಿಯುತ್ತಿರಲಿಲ್ಲ. ಒಂದು ದಿನ ಅವರು ತಮ್ಮ ಹಾಸಿಗೆಯಿಂದಲೇ "ಮೇಡಂ, ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ, ನಂಗೆ ಲೋಡ್ ಕಾಣ್ತಿಲ್ಲ," ಎಂದು ಬೆರಳೆತ್ತಿ ಸುತ್ತಿಸತೊಡಗಿದರು. ಅವರ ಕಣ್ಣು ನನ್ನ ಪಾದದ ಮೇಲೇ ಇತ್ತು. ನಾನು ಆ ಬೆರಳನ್ನೇ ನೋಡಿದೆ. ಹಿಮ್ಮಡಿ ಹಾಸಿಗೆ ಬಿಟ್ಟು ಮೇಲೆದ್ದಿತು. ಒಂದಿಂಚು. ಅವರು ಅಂಗೈ ಆಡಿಸಿದರು. "ನಿಲ್ಸಿ. ನೋಡಿ. ಸಾಕು ಇವತ್ತಿಗೆ." ನನ್ನ ಹೆಂಡತಿ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದವಳು ಅಲ್ಲೇ ಕುಸಿದು ಕೂತು ಅತ್ತಳು. ನಾನು ಇವತ್ತು ಕೋಲು ಹಿಡಿದು ನಡೆಯುತ್ತಿದ್ದರೆ ಅದು ಆ ಬೆರಳಿನಿಂದ.

ಅವರ ಕಷ್ಟ ಬೇರೆ ಇತ್ತು. ಕ್ಯಾಬಿನ್ನಿಗೆ ಹತ್ತಿದರೆ ಊಟದ ಹೊತ್ತಿನವರೆಗೆ ಇಳಿಯುವಂತಿಲ್ಲ, ಹಾಗಾಗಿ ಮೂವತ್ತನಾಲ್ಕು ವರ್ಷ ನೀರು ಕಡಿಮೆ ಕುಡಿದು, ಕಟ್ಟಿಕೊಂಡು, ಅಭ್ಯಾಸವಾದ ಮೈ ಅದು. ಈಗ ಆ ಮೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಆಯಾ ಬೆಡ್‌ಪ್ಯಾನ್ ತಂದರೆ ಗೋಡೆಗೆ ಮುಖ ಮಾಡಿಬಿಡುತ್ತಿದ್ದರು. ಹೆಂಡತಿಯೇ ಆಗಬೇಕು. ಆಕೆ ನೋಡಿದರೆ ಅವರ ಭುಜಕ್ಕೂ ಬಾರದ ಹೆಂಗಸು. ದಿನಕ್ಕೆ ಆರೇಳು ಸಲ ಅವರನ್ನು ತಬ್ಬಿ ಎತ್ತಿ, ಬಾತ್‌ರೂಮಿಗೆ ಎಳೆದುಕೊಂಡು ಹೋಗಿ, ಮತ್ತೆ ತಂದು ಕೂರಿಸುತ್ತಿದ್ದರು. ಸೊಂಟಕ್ಕೆ ಬೆಲ್ಟ್ ಬಂದಿತ್ತು. ಅವರು ಒಂದು ಸಲ ಆಕೆ ಹೊರಗಿದ್ದಾಗ ನನಗೆ ಹೇಳಿದರು: "ನಾನು ಸತ್ರೆ ಸಾಯ್ತೀನಿ ಏಜೆಂಟ್ರೆ. ಇವಳು ನನ್ನ ಎತ್ತಿ ಎತ್ತಿ ಸಾಯೋದು ಬೇಡ. ಬಾತ್‌ರೂಮ್ ತನಕ ಹತ್ತು ಹೆಜ್ಜೆ. ಹತ್ತೇ ಹೆಜ್ಜೆ ನಂಗೆ ಬಂದ್ರೆ ಸಾಕು." ಡಾಕ್ಟರು ಮಾತ್ರ ಒಂದೇ ಪಟ್ಟು ಹಿಡಿದಿದ್ದರು: ಇವರಿಗೆ ತಮ್ಮ ಎಡಗಾಲು ಎಲ್ಲಿದೆ ಎಂದು ತಿಳಿಯುವುದಿಲ್ಲ, ಒಬ್ಬರೇ ಏಳಲು ಬಿಡಲೇಬೇಡಿ.

ಅವತ್ತು ಬೆಳಿಗ್ಗೆ ಹನ್ನೊಂದರ ಹೊತ್ತು. ನನ್ನ ಹೆಂಡತಿ ಅಡುಗೆಗೆಂದು ಮನೆಗೆ ಹೋಗಿದ್ದಳು. ಅವರ ಹೆಂಡತಿಗೆ ಸೊಂಟ ಹಿಡಿದುಕೊಂಡು ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. ಕೆಳಗೆ ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇನೆಂದು ಹೊರಟವರು ನನ್ನ ಹಾಸಿಗೆಯ ಹತ್ತಿರ ನಿಂತರು.

"ಅಣ್ಣಾ, ಇವರನ್ನ ನೋಡ್ಕೊಳ್ಳಿ. ಏಳೋಕೆ ಬಿಡ್ಬೇಡಿ. ಏನಾದ್ರೂ ಆದ್ರೆ ಬೆಲ್ ಒತ್ತಿ, ಸಿಸ್ಟರ್ ಬರ್ತಾರೆ."

"ರೈಟ್," ಎಂದೆ.

ಆಕೆ ಹೋಗಿ ಸ್ವಲ್ಪ ಹೊತ್ತಿಗೇ ಅವರಿಗೆ ಬಾತ್‌ರೂಮಿಗೆ ಹೋಗಬೇಕಾಯಿತು. ತಡೆದುಕೊಂಡರು, ಹಣೆಯಲ್ಲಿ ಬೆವರು ಬಂತು. ಆಮೇಲೆ ಬಲಗೈಯೂರಿ ಎದ್ದು ಕೂತರು. ಕಾಲು ನನ್ನ ಕಡೆಗೆ ಇಳಿಬಿಟ್ಟರು. ಪಕ್ಕದಲ್ಲಿದ್ದ ನಾಲ್ಕು ಕಾಲಿನ ಕೋಲನ್ನು ಬಲಗೈಯಲ್ಲಿ ಹಿಡಿದರು. ಹಾಸಿಗೆಯಿಂದ ಒಂದೇ ಇಂಚು ಮೇಲೆದ್ದು, ಅಲ್ಲೇ ತಡೆದರು. ತಡೆದು, ನನ್ನನ್ನು ನೋಡಿದರು.

ಕಾಯುತ್ತಿದ್ದರು. ಮೂವತ್ತನಾಲ್ಕು ವರ್ಷ ಕೆಳಗಿನವನ ಸನ್ನೆಯಿಲ್ಲದೆ ಕ್ರೇನಿನ ಲಿವರ್ ಮುಟ್ಟದ ಮನುಷ್ಯ ನನ್ನ ಸನ್ನೆಗಾಗಿ ಕಾಯುತ್ತಿದ್ದರು. ಬೆಲ್ ನನ್ನ ದಿಂಬಿನ ಪಕ್ಕದಲ್ಲೇ ಇತ್ತು. ನನ್ನ ಎಡಗೈ ಗಟ್ಟಿಯಾಗಿತ್ತು, ಅದಕ್ಕೆ ನಿಲ್ಲಿಸುವುದು ಬರುತ್ತಿತ್ತು, ಅದನ್ನೇ ಮೊದಲು ಕಲಿಸಿದ್ದರು. ಪಾಪ, ಆ ಏಜೆಂಟನ ಬಾಯಲ್ಲಿ ಒಂದೇ ಪದ ಇತ್ತು ಎಂದು ಯಾರಾದರೂ ನನ್ನ ಪರ ಹೇಳಿದರೆ ನಂಬಬೇಡಿ. ನಾನು ತೋರುಬೆರಳು ಮೇಲೆ ಮಾಡಿ ಸುತ್ತಿಸಿದೆ. ಬಾಯಲ್ಲಿ ರೈಟ್ ಎಂದೂ ಹೇಳಿದೆ.

ಯಾಕೆ? ಏಳು ತಿಂಗಳು ಯೋಚನೆ ಮಾಡಿದ್ದೇನೆ. ಅವರು ನಡೆಯಲಿ ಎಂಬ ಆಸೆ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮೂವತ್ತೊಂದು ವರ್ಷ ದಿನವೂ ನನ್ನ ಒಂದು ಮಾತಿಗೆ ಬಸ್ಸುಗಳು ಹೊರಡುತ್ತಿದ್ದವು. ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಎತ್ತುವವರು, ಹೊರಳಿಸುವವರು, ತಿನ್ನಿಸುವವರು. ಎಷ್ಟೋ ದಿನದ ಮೇಲೆ ಒಬ್ಬ ಮನುಷ್ಯ ನನ್ನ ಅಪ್ಪಣೆಗೆ ಕಾದು ನಿಂತಿದ್ದ. ಕಳಿಸುವ ಖುಷಿ ಅದು. ಬಸ್ಸು ಕಳಿಸಿದ ಹಾಗೆ ಕಳಿಸಿಬಿಟ್ಟೆ.

ಅವರು ಪೂರ್ತಿ ಎದ್ದು ನಿಂತರು. ಮುಖ ಅರಳಿತು, ಬಲಗಡೆ ಮಾತ್ರ. ನಾನು ಆ ಮುಖವನ್ನೇ ನೋಡುತ್ತಿದ್ದೆ. ನೋಡಬೇಕಾಗಿದ್ದದ್ದು ಎಡಗಾಲನ್ನು. ಹೊದಿಕೆಯ ತುದಿ ಆ ಪಾದಕ್ಕೆ ಎರಡು ಸುತ್ತು ಸುತ್ತಿಕೊಂಡಿತ್ತು. ಎರಡನೆಯ ಹೆಜ್ಜೆಗೆ ಬಿದ್ದರು. ಆಮೇಲೆ ನಾನು ಬೆಲ್ ಒತ್ತಿದೆ. ಸಿಸ್ಟರು ಬಂದು ನನ್ನ ಬೆರಳು ಬಿಡಿಸುವ ತನಕ ಒತ್ತುತ್ತಲೇ ಇದ್ದೆ.

ಸೊಂಟದ ಮೂಳೆ ಮುರಿದಿತ್ತು. ನೆಲದ ಮೇಲೆ ಬಿದ್ದವರನ್ನು ಡ್ಯೂಟಿ ಡಾಕ್ಟರು ಮೊದಲು ಕೇಳಿದ್ದು, "ಯಾರು ನಿಮಗೆ ಏಳೋಕೆ ಹೇಳಿದ್ದು?" ಎಂದು. ಕಾರ್ಖಾನೆಯಲ್ಲಿ ಏನಾದರೂ ಆದರೆ ಆಫೀಸರುಗಳು ಮೊದಲು ಕೇಳುವುದು 'ಸಿಗ್ನಲ್ ಕೊಟ್ಟವರು ಯಾರು' ಎಂದು ಅವರು ನನಗೆ ಹೇಳಿದ್ದರು. ಹಲ್ಲು ಕಚ್ಚಿಕೊಂಡೇ ಉತ್ತರ ಕೊಟ್ಟರು:

"ಯಾರೂ ಹೇಳ್ಲಿಲ್ಲ ಸಾರ್. ನಾನೇ ಎದ್ದೆ. ಪಾಪ, ಇವ್ರಿಗೆ ನಿದ್ದೆ ಬಂದಿತ್ತು."

ಡಾಕ್ಟರು ನನ್ನ ಕಡೆ ತಿರುಗಿದರು. ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದೆ.

"ರೈಟ್."

ಎಲ್ಲರೂ ಅದನ್ನು ಹೌದು ಎಂದು ತಿಳಿದರು. ಅಷ್ಟರಲ್ಲಿ ಅವರ ಹೆಂಡತಿ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು. ಬಿದ್ದವರನ್ನು ಸ್ಟ್ರೆಚರಿಗೆ ಹಾಕಿ ನನ್ನ ಹಾಸಿಗೆಯ ಪಕ್ಕದಿಂದ ತಳ್ಳಿಕೊಂಡು ಹೋಗುವಾಗ ಬಲಗೈ ಸ್ವಲ್ಪ ಎತ್ತಿ, ಅಂಗೈ ಕೆಳಮುಖ ಮಾಡಿ, ಅಡ್ಡಡ್ಡ ಆಡಿಸಿದರು. ನಿಲ್ಲಿಸಿ. ಏನೂ ಹೇಳಬೇಡಿ. ನಾನು ಅವರನ್ನು ಕಡೆಯದಾಗಿ ನೋಡಿದ್ದು ಅದೇ.

ಆಪರೇಷನ್ ಆಯಿತು, ಎದೆಯಲ್ಲಿ ಕಫ ಕಟ್ಟಿತು, ಹತ್ತೊಂಬತ್ತನೇ ದಿನ ಹೋದರು. ಸುದ್ದಿ ತಂದದ್ದು ಆಯಾ. ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗಿ ಬರೋಣ ಎಂದು ನನ್ನ ಹೆಂಡತಿ ಸೀರೆ ಉಟ್ಟು ನಿಂತಳು. ಅಷ್ಟು ಹೊತ್ತಿಗೆ ನಾನು ಮನೆಗೆ ಬಂದಿದ್ದೆ. ತಲೆ ಸುತ್ತು ಎಂದು ಸನ್ನೆ ಮಾಡಿ ಮಲಗಿಬಿಟ್ಟೆ. ಆಮೇಲೆ ಒಂದೊಂದೇ ಮಾತು ಬರತೊಡಗಿತು. ಮೊದಲು ನೀರು, ಆಮೇಲೆ ಹೆಂಡತಿಯ ಹೆಸರು, ಆಮೇಲೆ ಬೈಗುಳ. ಪೂರ್ತಿ ಮಾತು ಬರಲಿ, ಹೋಗಿ ಹೇಳೋಣ ಎಂದುಕೊಂಡೆ. ಬಂದಷ್ಟೂ ಇನ್ನಷ್ಟು ಬರಲಿ ಎಂದೆ. ಹೇಡಿಗೆ ನೆಪಕ್ಕೇನು ಬರ?

ಹೋದ ವಾರ ಯಾರಿಗೂ ಹೇಳದೆ ಭದ್ರಾವತಿಯ ಬಸ್ಸು ಹತ್ತಿದೆ. ಹಳೆಯ ಡ್ರೈವರೊಬ್ಬ ಮುಂದಿನ ಸೀಟು ಬಿಡಿಸಿ ಕೊಟ್ಟ. ಬಸ್ ನಿಲ್ದಾಣದಿಂದ ಆಟೋ ಮಾಡಿಕೊಂಡು, ಕಾರ್ಖಾನೆಯ ಲೈನ್‌ಮನೆಗಳ ಬೀದಿಯಲ್ಲಿ ಕೇಳಿಕೊಂಡು ಹೋದೆ. ಕ್ರೇನ್ ಡ್ರೈವರ್ ಮನೆ ಎಂದರೆ ಎಲ್ಲರಿಗೂ ಗೊತ್ತಿತ್ತು. ಮೂರು ಮೆಟ್ಟಿಲಿನ ಸಣ್ಣ ಮನೆ, ಹಿಡಿದುಕೊಳ್ಳಲು ಕಂಬಿ ಇಲ್ಲ. ಆಕೆ ನನ್ನ ಗುರುತು ಹಿಡಿದು, ಕೈಹಿಡಿದು ಹತ್ತಿಸಿ, ಕುರ್ಚಿ ಹಾಕಿ, ಕಾಫಿ ಕೊಟ್ಟರು. ಸೊಂಟಕ್ಕೆ ಬೆಲ್ಟ್ ಇನ್ನೂ ಇತ್ತು. ಗೋಡೆಯ ಮೇಲೆ ಅವರ ಫೋಟೋ. ಅದರಲ್ಲಿ ಮುಖದ ಎರಡೂ ಕಡೆ ಸರಿಯಾಗಿತ್ತು, ನನಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಆದರೂ ಮೂರು ಪದಕ್ಕೆ ಎರಡು ಸಲ ನಿಲ್ಲಬೇಕಾಯಿತು.

"ಸಿಗ್ನಲ್… ನಾನು… ಕೊಟ್ಟೆ."

ಬೆರಳೆತ್ತಿ ಸುತ್ತಿಸಿಯೂ ತೋರಿಸಿದೆ. ಆಕೆ ಬಹಳ ಹೊತ್ತು ಆ ಬೆರಳನ್ನು ನೋಡಿದರು.

"ನಂಗೊತ್ತು," ಎಂದರು. "ಆಪರೇಷನ್ ಆದ ಮಾರನೇ ದಿನ ಹೇಳಿದ್ರು. ಸಿಗ್ನಲ್ ಸರಿಯಾಗೇ ಇತ್ತು ಕಣೇ, ನನ್ನ ಹಗ್ಗ ಹಳೇದಾಗಿತ್ತು ಅಂದ್ರು. ಏಜೆಂಟ್ರು ಬಂದು ಹೇಳಿದ್ರೆ ಇಷ್ಟು ಹೇಳು ಅಂದ್ರು." ಆಮೇಲೆ ಸೇರಿಸಿದರು: "ಹೇಳಿದೀನಿ. ನಂಗೆ ಹಾಗನ್ಸಲ್ಲ ಅಣ್ಣಾ."

ನಾನು ಕಾಫಿ ಲೋಟ ಕೆಳಗಿಟ್ಟೆ.

"ನೋಡ್ಕೊಳ್ಳಿ ಅಂತ ಹೇಳಿ ಹೋಗಿದ್ದೆ. ನೀವು ರೈಟ್ ಅಂದ್ರಿ. ಕಾರ್ಖಾನೇಲೂ ಹೀಗೇ ಆಗಿತ್ತು. ಸಿಗ್ನಲ್ ತಪ್ಪು ಕೊಟ್ಟೋನು ಯಾರೋ, ಒಬ್ಬನ ಕಾಲು ಹೋಯ್ತು, ಸಸ್ಪೆಂಡ್ ಆದೋರು ಇವ್ರು. ಸಿಗ್ನಲ್ ಕೊಟ್ಟೋನಿಗೆ ಹೊಸದಾಗಿ ಮದ್ವೆ ಆಗಿದೆ, ಪಾಪ ಅಂದ್ರು. ಎಲ್ರನ್ನೂ ಉಳಿಸಿದ್ರು. ನಂಗೆ ಅಂತ ಏನು ಉಳಿಸಿದ್ರು?"

"ತಪ್ಪಾಯ್ತು," ಎಂದೆ. ಅದು ಮಾತ್ರ ಒಂದೇ ಉಸಿರಿಗೆ ಬಂತು. ಆಕೆ ಲೋಟ ಎತ್ತಿಕೊಂಡು ಒಳಗೆ ಹೋದರು. ಒಳಗೆ ನಲ್ಲಿಯ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ನಾನು ಕೋಲೂರಿಕೊಂಡು ಎದ್ದು ಬಾಗಿಲಿಗೆ ಬಂದೆ. ಆಟೋದವನು ಕಾಯುತ್ತಿದ್ದ, ಹಾರನ್ ಹೊಡೆದ. ಹೇಳದೆ ಹೊರಟುಬಿಡೋಣ ಎಂದು ಮೊದಲ ಮೆಟ್ಟಿಲಿಗೆ ಕಾಲು ಚಾಚಿದೆ.

"ನಿಲ್ಲಿ," ಎಂದು ಹಿಂದಿನಿಂದ ಕೂಗಿದರು. "ಒಬ್ರೇ ಇಳೀಬೇಡಿ."

ನಿಂತೆ. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನನ್ನು ದಾಟಿ ಕೆಳಗಿಳಿದು, ಎದುರಿಗೆ ನಿಂತು, ಕೈ ಚಾಚಿದರು.

"ಸೋತ ಕಾಲು ಮೊದ್ಲು. ಹಾಂ. ನಿಧಾನ. ಈಗ ಇನ್ನೊಂದು."

ಮೂರು ಮೆಟ್ಟಿಲು ಇಳಿಯುವ ತನಕ ಆಕೆ ಒಂದು ಸಲವೂ ನನ್ನ ಮುಖ ನೋಡಲಿಲ್ಲ. ನನ್ನ ಕಾಲನ್ನೇ ನೋಡುತ್ತಿದ್ದರು.